ವಚನದ ಕಿವಿಯಿಂದ ನೀಷೆ

ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವವರಿಗೆ ಹನ್ನೆರಡನೆಯ ಶತಮಾನ ದೂರದ ಮಾತಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಉಮರಾಣಿಯ ಲಿಂಗಮ್ಮ ದಾನಮ್ಮನೆಂದು ಹೆಸರಾದ ಕತೆ ಕನ್ನಡ ಮನೆಗಳಲ್ಲಿ ಅಜ್ಜಿಯ ಬಾಯಿಂದಲೇ ಬರುತ್ತದೆ. ವಚನ ಪಠ್ಯಪುಸ್ತಕಕ್ಕಿಂತ ಮೊದಲು ಕಿವಿಗೆ ಬಿದ್ದಿರುತ್ತದೆ. ಅಂಥ ಕಿವಿ ಇದ್ದವರಿಗೆ ಜರ್ಮನಿಯ ಫ್ರೀಡ್ರಿಶ್ ನೀಷೆಯನ್ನು (1844–1900) ಓದುವ ಅರ್ಧ ತಯಾರಿ ಆಗಿಯೇ ಇದೆ ಎಂದು ನಾನು ನಂಬಿದ್ದೇನೆ. ಉಳಿದ ಅರ್ಧಕ್ಕೆ ಈ ಬರಹ.

ನೀಷೆ ಹೆಚ್ಚಾಗಿ ಕಟ್ಟಿದ್ದು ದರ್ಶನದ ಮಹಾಗ್ರಂಥವನ್ನಲ್ಲ, ಬಿಡಿನುಡಿಗಳನ್ನು. ಒಂದು ಸಾಲು, ಅರ್ಧ ಪುಟ, ಹೆಚ್ಚೆಂದರೆ ಮೂರ್ನಾಲ್ಕು ಪುಟ. 24ರ ವಯಸ್ಸಿಗೇ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು ತಲೆಶೂಲೆ, ಕಣ್ಣಿನ ತೊಂದರೆಗಳಿಂದ 1879ರಲ್ಲಿ ಕೆಲಸ ಬಿಟ್ಟ. ಆಮೇಲೆ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯುತ್ತ ಯೋಚಿಸಿದ, ಹೊಳೆದದ್ದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿದ. ಹಾಗೆಂದು ಈ ರೂಪ ಬರೀ ಕಾಯಿಲೆಯ ಫಲವಲ್ಲ. ಎಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ದರ್ಶನಗಳ ಪ್ರಾಮಾಣಿಕತೆಯ ಮೇಲೆಯೇ ಅವನಿಗೆ ಅನುಮಾನವಿತ್ತು.

ಇಂಥದ್ದನ್ನು ಓಡುತ್ತ ಓದಬಾರದು. 1887ರ 'ನೀತಿಯ ವಂಶಾವಳಿ'ಯ ಮುನ್ನುಡಿಯಲ್ಲಿ ಅವನೇ ಹೇಳುತ್ತಾನೆ: ಬಿಡಿನುಡಿಯನ್ನು ಓದಿ ಮುಗಿಸಿದ ಮಾತ್ರಕ್ಕೆ ಅದು ಬಿಚ್ಚಿಕೊಳ್ಳುವುದಿಲ್ಲ, ಅರ್ಥ ಮಾಡುವ ಕೆಲಸ ಅಲ್ಲಿಂದ ಶುರುವಾಗುತ್ತದೆ, ಅದಕ್ಕೆ ಹಸುವಿನ ಹಾಗೆ ಮೆಲುಕು ಹಾಕುವ ಗುಣ ಬೇಕು. ಖಿಲಾರಿ ದನಗಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೊಂದು ತುಣುಕು ಸಾಕು.

ಎರಡನೆಯ ಕೆಲಸ, ಮಾತು ಯಾರದು ಎಂದು ಕೇಳುವುದು. ನಮ್ಮ ಶೂನ್ಯಸಂಪಾದನೆಗಳು ಬಿಡಿ ವಚನಗಳಿಗೆ ಸಂವಾದದ ಸನ್ನಿವೇಶ ಕಟ್ಟಿಕೊಟ್ಟವು. ಅಲ್ಲಮ ಇದನ್ನು ಯಾರಿಗೆ ಹೇಳಿದ, ಯಾವ ಪ್ರಶ್ನೆಗೆ ಹೇಳಿದ ಎಂಬುದು ತಿಳಿದಾಗ ವಚನದ ಮೊನೆ ಕಾಣುತ್ತದೆ. ನೀಷೆಗೂ ಅದೇ ಬೇಕು. ದೇವರು ಸತ್ತನೆಂಬ ಮಾತನ್ನು ತೆಗೆದುಕೊಳ್ಳಿ. 1882ರ 'ಉಲ್ಲಾಸದ ವಿದ್ಯೆ'ಯ 125ನೆಯ ತುಣುಕಿನಲ್ಲಿ ಅದನ್ನು ಕೂಗುವವನು ಒಬ್ಬ ಹುಚ್ಚ. ಬೆಳಗಿನ ಬಿಸಿಲಲ್ಲಿ ಲಾಟೀನು ಹಚ್ಚಿಕೊಂಡು ಸಂತೆಗೆ ಬಂದು ದೇವರನ್ನು ಹುಡುಕುತ್ತಾನೆ. ನಗುವವರು ಭಕ್ತರಲ್ಲ, ದೇವರನ್ನು ಎಂದೋ ಬಿಟ್ಟ ನಾಸ್ತಿಕರು! ನೀವೂ ನಾನೂ ಸೇರಿ ಕೊಂದಿದ್ದೇವೆ, ಏನು ಮಾಡಿದ್ದೇವೆಂಬ ಎಚ್ಚರವೇ ನಿಮಗಿಲ್ಲ ಎಂಬುದು ಅವನ ಸಂಕಟ. ಇದು ಗೆದ್ದವನ ಘೋಷಣೆಯಂತೆ ಕೇಳಿದರೆ ಓದು ತಪ್ಪಿದೆ, ಅದರಲ್ಲಿರುವುದು ದಿಗಿಲು. ಹೆಂಗಸಿನ ಬಳಿ ಹೋಗುವಾಗ ಚಾಟಿ ಮರೆಯಬೇಡ ಎಂಬ ಕುಖ್ಯಾತ ಮಾತೂ ಹಾಗೆಯೇ: ನೀಷೆಯ ಇನ್ನೊಂದು ಪುಸ್ತಕದ ನಾಯಕ, ಪ್ರವಾದಿ ಜರತುಷ್ಟ್ರನಿಗೆ ಅದನ್ನು ಹೇಳುವವಳು ಒಬ್ಬ ಮುದುಕಿ. ಇದರಿಂದ ನೀಷೆ ನಿರ್ದೋಷಿಯಾಗುವುದಿಲ್ಲ. ಹೆಂಗಸರ ಬಗ್ಗೆ ಅವನ ಸ್ವಂತ ದನಿಯಲ್ಲಿಯೇ ಕಹಿಮಾತುಗಳಿವೆ. ಆದರೆ ಯಾವುದು ಪಾತ್ರದ ಮಾತು, ಯಾವುದು ಅವನದು ಎಂದು ಬೇರ್ಪಡಿಸದೆ ತೀರ್ಪು ಕೊಡಬಾರದು.

ಹಿಟ್ಲರನ ಗುರು ಎಂಬ ಅಪವಾದಕ್ಕೆ ಒಂದು ಚರಿತ್ರೆಯಿದೆ. 1889ರ ಜನವರಿಯಲ್ಲಿ ಟ್ಯೂರಿನ್‌ನಲ್ಲಿ ನೀಷೆಯ ಬುದ್ಧಿ ಕುಸಿಯಿತು, ಮತ್ತೆ ಸರಿಹೋಗಲಿಲ್ಲ. ಹಸ್ತಪ್ರತಿಗಳು ತಂಗಿ ಎಲಿಜಬೆತ್ ಕೈಗೆ ಬಂದವು. ಅವಳ ಗಂಡ ಯೆಹೂದ್ಯರ ಕಡುದ್ವೇಷಿ; ಆ ದ್ವೇಷವನ್ನು ನೀಷೆ ಕಟುವಾಗಿ ತಿರಸ್ಕರಿಸಿದ್ದ. ಅಣ್ಣ ಸತ್ತ ಮರುವರ್ಷ, 1901ರಲ್ಲಿ, ಬಿಡಿ ಟಿಪ್ಪಣಿಗಳನ್ನು ಆಯ್ದು ಜೋಡಿಸಿದ 'ಅಧಿಕಾರದ ಸಂಕಲ್ಪ' ಅವಳ ಮುಂದಾಳುತನದಲ್ಲಿ ಹೊರಬಂತು. ಅದು ನೀಷೆ ಮುಗಿಸಿ ಅಚ್ಚಿಗೆ ಕೊಟ್ಟ ಪುಸ್ತಕವಲ್ಲ. 1967ರಿಂದ ಇಟಲಿಯ ಕೊಲ್ಲಿ ಮತ್ತು ಮೊಂಟಿನಾರಿ ಮೂಲ ಹಸ್ತಪ್ರತಿಗಳ ಆಧಾರದಲ್ಲಿ ಶುದ್ಧಪಾಠ ತಂದ ಮೇಲೆ ಈ ವ್ಯತ್ಯಾಸ ಎಲ್ಲರಿಗೂ ಕಾಣುವಂತಾಯಿತು. ಹೊಸಬರು ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು.

ತಂಗಿಯ ತಲೆಗೆ ಕಟ್ಟಲಾಗದ ಭಾಗವೂ ಇದೆ, ನಮ್ಮ ನಾಡಿನವರು ಅದನ್ನು ಮರೆಮಾಚಬಾರದು. 1888ರಲ್ಲಿ ನೀಷೆ ಮನುಸ್ಮೃತಿಯನ್ನು ಜಾಕೊಲಿಯೋ ಎಂಬವನ ನೆಚ್ಚಲಾಗದ ಫ್ರೆಂಚ್ ಅನುವಾದದಲ್ಲಿ ಓದಿದ, ಅದರ ಶ್ರೇಣಿವ್ಯವಸ್ಥೆಯನ್ನು ಮೆಚ್ಚಿ ಬರೆದ. ಚಾಂಡಾಲರ ಮೇಲಿನ ಕಟ್ಟಳೆಗಳು ಅವನನ್ನು ಬೆಚ್ಚಿಸಿದ್ದೂ ಹೌದು, ಆದರೆ ಮೆಚ್ಚುಗೆ ಉಳಿದೇ ಇತ್ತು. ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಬಾಬಾಸಾಹೇಬ ಅಂಬೇಡ್ಕರರು. ಅವರ ನಿಧನಾನಂತರ ಪ್ರಕಟವಾದ 'ಹಿಂದೂಧರ್ಮದ ತತ್ವಜ್ಞಾನ'ದಲ್ಲಿ ನೀಷೆಯನ್ನೂ ಮನುವನ್ನೂ ಎದುರುಬದುರು ನಿಲ್ಲಿಸಿ, ಜರತುಷ್ಟ್ರನಲ್ಲಿ ಮನುವಿನ ಹೊಸ ಅವತಾರವನ್ನೇ ಕಾಣುತ್ತಾರೆ. ಅಲ್ಲಿಗೇ ನಿಲ್ಲದೆ, ನೀಷೆಯ ಆದರ್ಶವಾದ ಅತಿಮಾನವ ಯೋಗ್ಯತೆಯಿಂದ ಆಗುವವನು, ಮನುವಿನವನು ಹುಟ್ಟಿನಿಂದ ಆದವನು ಎಂದು ಗೆರೆ ಎಳೆದು, ಇಬ್ಬರಲ್ಲಿ ಮನುವೇ ಕೀಳೆಂದು ತೀರ್ಪು ಕೊಡುತ್ತಾರೆ. ವಿರೋಧಿಯನ್ನು ಇಷ್ಟು ಎಚ್ಚರದಿಂದ, ಇಷ್ಟು ನ್ಯಾಯವಾಗಿ ಓದಿದ ಭಾರತೀಯ ಓದು ನನಗೆ ಬೇರೆ ಕಂಡಿಲ್ಲ.

ನೀಷೆಗೂ ನಮ್ಮ ಸೀಮೆಗೂ ಇನ್ನೊಂದು ಕೊಂಡಿಯಿದೆ, ಅದಕ್ಕಾಗಿ ಜತ್ತ ತಾಲೂಕಿನದೇ ಉಮದಿಗೆ ಬರೋಣ. ಇಂಚಗೇರಿ ಸಂಪ್ರದಾಯದ ಭಾವುಸಾಹೇಬ ಮಹಾರಾಜರು (1843–1914) ಆ ಊರಿನವರು. ಅವರ ಶಿಷ್ಯರು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ (1886–1957): ಅಲಹಾಬಾದಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು, ಕೊನೆಗೆ ನಿಂಬಾಳದ ಆಶ್ರಮವಾಸಿ. 1926ರಲ್ಲಿ ಪುಣೆಯಿಂದ ಬಂದ ಉಪನಿಷತ್ತುಗಳ ಮೇಲಿನ ಅವರ ದೊಡ್ಡ ಗ್ರಂಥ ಗ್ರೀಕ್, ಐರೋಪ್ಯ ಚಿಂತಕರನ್ನು ಋಷಿಗಳ ಪಕ್ಕದಲ್ಲಿ ಕೂರಿಸುತ್ತದೆ, ಪಾಲ್ ಡಾಯ್ಸನ್‌ನ ಸಂಶೋಧನೆಯನ್ನು ಒರೆಗೆ ಹಚ್ಚುತ್ತದೆ. ಈ ಡಾಯ್ಸನ್ ನೀಷೆಯ ಶಾಲಾಗೆಳೆಯ. ಉಪನಿಷತ್ತುಗಳನ್ನು ಜರ್ಮನ್ನಿಗೆ ತಂದವನು, 1893ರಲ್ಲಿ ಮುಂಬೈಯಲ್ಲಿ ವೇದಾಂತದ ಬಗ್ಗೆ ಭಾಷಣ ಮಾಡಿದವನು. ನೀಷೆಗೆ ವೇದಾಂತ ಸಿಕ್ಕಿದ್ದು ಹೆಚ್ಚಾಗಿ ಇವನಿಂದ.

'ವಂಶಾವಳಿ'ಯ ಮೂರನೆಯ ಪ್ರಬಂಧ ವೈರಾಗ್ಯದ ಮೇಲಿದೆ. ಅದರ 17ನೆಯ ಭಾಗದಲ್ಲಿ ನೀಷೆ ಗೆಳೆಯನ ಅನುವಾದವನ್ನೇ ಹಿಡಿದು ವಾದಿಸುತ್ತಾನೆ: ಬ್ರಹ್ಮದಲ್ಲಿ ಒಂದಾಗುವುದೆಂದರೆ ಗಾಢನಿದ್ರೆಗೆ ಜಾರುವುದು, ಬದುಕಿ ದಣಿದವರು ನೋವಿಲ್ಲದ ಆ ಸ್ಥಿತಿಯನ್ನೇ ಪರಮಪದವೆಂದು ಕರೆದರು. ಇಲ್ಲಿ ಅವನು ಎಡವಿದ್ದಾನೆ ಎಂದು ನನಗನ್ನಿಸುತ್ತದೆ. ಮಾಂಡೂಕ್ಯ ಉಪನಿಷತ್ತು ಸುಷುಪ್ತಿಯಲ್ಲಿ ನಿಲ್ಲುವುದಿಲ್ಲ, ಅದರಾಚೆಗೆ ತುರೀಯವನ್ನು ಹೇಳುತ್ತದೆ. ಇಂಚಗೇರಿಯವರದು ಸಂಸಾರ ಬಿಡದೆ ನಾಮ ಹಿಡಿಯುವ ದಾರಿ, ದಣಿದವರ ನಿದ್ರೆಯಲ್ಲ. ಆದರೆ ಉತ್ತರ ಸಿಕ್ಕಿತೆಂದು ಪುಸ್ತಕ ಮುಚ್ಚಬೇಡಿ. ಈ ಭಕ್ತಿ, ಈ ನೇಮ ನಿನ್ನ ಶಕ್ತಿಯಿಂದ ಹುಟ್ಟಿತೋ, ಬದುಕಿನ ಮೇಲಿನ ಮುನಿಸಿನಿಂದಲೋ ಎಂಬ ಅವನ ಪ್ರಶ್ನೆ ಹಾಗೇ ನಿಂತಿರುತ್ತದೆ. ಆಡಂಬರದ ಭಕ್ತಿಯನ್ನು ಶರಣರೂ ಕುಟುಕಿದವರೇ. ಆದ್ದರಿಂದ ನೀಷೆಯನ್ನು ನಮ್ಮವನೇ, ಅವನೂ ಒಬ್ಬ ಋಷಿ ಎಂದು ಅಪ್ಪಿ ಮೆತ್ತಗೆ ಮಾಡಬೇಡಿ, ಎದುರಾಳಿಯಾಗಿಯೇ ಇರಲಿ.

ಜರತುಷ್ಟ್ರನಿಂದ ಶುರುಮಾಡುವುದು ಬೇಡ. ಆ ಪುಸ್ತಕದ ಪ್ರವಾದಿಯ ಗತ್ತು ಹೊಸಬರನ್ನು ಮರುಳುಮಾಡುತ್ತದೆ, ಇಲ್ಲವೆ ಓಡಿಸುತ್ತದೆ. 'ಉಲ್ಲಾಸದ ವಿದ್ಯೆ'ಯನ್ನು ಮೊದಲು ತೆರೆಯಿರಿ. ಆಮೇಲೆ 'ವಂಶಾವಳಿ', ಮೂರನೆಯ ಪ್ರಬಂಧಕ್ಕೆ ಬಂದಾಗ ಒಂದು ಪಕ್ಕದಲ್ಲಿ ರಾನಡೆ, ಇನ್ನೊಂದು ಪಕ್ಕದಲ್ಲಿ ಅಂಬೇಡ್ಕರ್ ಇರಲಿ. ಸಾಧ್ಯವಾದರೆ ಒಬ್ಬರೇ ಓದದೆ, ಒಪ್ಪದ ಗೆಳೆಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ.