ಗೆರೆಯೊಳಗಿನ ಮಗು: ತಾಯ್ತನದ ಪರೀಕ್ಷೆಯ ಕಥೆಗಳೂ ಅಭಿರಕ್ಷೆಯ ನ್ಯಾಯವೂ

ಒಂದು ಮಗು, ಅದು ತನ್ನದೆಂದು ವಾದಿಸುವ ಇಬ್ಬರು ಹೆಂಗಸರು, ತೀರ್ಪು ಹೇಳಬೇಕಾದ ಒಬ್ಬ ನ್ಯಾಯಾಧಿಪತಿ - ಈ ಮೂರು ಅಂಗಗಳುಳ್ಳ ಕಥೆ ಪ್ರಪಂಚದ ಹಲವು ಸಾಹಿತ್ಯಗಳಲ್ಲಿ ದೊರೆಯುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸೊಲೊಮೋನ ರಾಜನು ಮಗುವನ್ನು ಎರಡು ಹೋಳು ಮಾಡಲು ಕತ್ತಿ ತರಿಸುತ್ತಾನೆ. ಪಾಲಿ ಜಾತಕದಲ್ಲಿ ಮಹೋಸಧ ಪಂಡಿತನು ನೆಲದ ಮೇಲೆ ಗೆರೆಯೆಳೆದು, ಮಗುವನ್ನು ಅದರ ಮೇಲೆ ಮಲಗಿಸಿ, ಒಬ್ಬಳು ಕೈ ಹಿಡಿದು ಇನ್ನೊಬ್ಬಳು ಕಾಲು ಹಿಡಿದು ಎಳೆಯಿರೆಂದು ಹೇಳುತ್ತಾನೆ. ಚೀನಾದೇಶದ ಯುವಾನ್ ಅರಸರ ಕಾಲದ ಒಂದು ನಾಟಕದಲ್ಲಿ ಬಾವ್ ಎಂಬ ನ್ಯಾಯಾಧೀಶನು ಸೀಮೆಸುಣ್ಣದ ವೃತ್ತ ಬರೆಯಿಸಿ ಅದೇ ಪರೀಕ್ಷೆಯನ್ನು ನಡೆಸುತ್ತಾನೆ. ಮೂರರಲ್ಲಿಯೂ ಮಗುವಿನ ನೋವನ್ನು ತಾಳಲಾರದೆ ಬಿಟ್ಟುಕೊಟ್ಟವಳೇ ಗೆಲ್ಲುತ್ತಾಳೆ.

ತಂದೆತಾಯಿಗಳು ಬೇರೆಯಾದಾಗ ಮಗು ಯಾರ ವಶದಲ್ಲಿರತಕ್ಕದ್ದು ಎಂಬ ಪ್ರಶ್ನೆಯನ್ನು ಇಂದಿನ ನ್ಯಾಯಶಾಸ್ತ್ರವು ಅಭಿರಕ್ಷೆಯ ಪ್ರಶ್ನೆಯೆನ್ನುತ್ತದೆ. ಈ ಪ್ರಶ್ನೆ ಎದ್ದಾಗಲೆಲ್ಲ ಸೊಲೊಮೋನನ ಹೆಸರನ್ನು ಉದಾಹರಿಸುವುದು ರೂಢಿಯಾಗಿದೆ. ಈ ರೂಢಿ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನೂ, ಈ ಕಥೆಗಳಲ್ಲಿ ಕಾಣದ ಒಂದು ಅಂಶ ನಮ್ಮ ಭಾರತಕಥೆಯಲ್ಲಿ ಹೇಗೆ ಕಾಣಸಿಗುತ್ತದೆಂಬುದನ್ನೂ ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಮೊದಲು ಗಮನಿಸಬೇಕಾದದ್ದು, ಈ ಮೂರು ಪರೀಕ್ಷೆಗಳ ಉದ್ದೇಶವೂ ಒಂದೇ: ಹೆತ್ತವಳು ಯಾರೆಂಬ ಸಂಗತಿಯನ್ನು ಹೊರಗೆಡಹುವುದು. ಇಬ್ಬರಲ್ಲಿ ಒಬ್ಬಳು ಸುಳ್ಳುಗಾತಿ. ಸೊಲೊಮೋನನ ಮುಂದೆ ನಿಂತವರಲ್ಲಿ ಒಬ್ಬಳು ತನ್ನ ಮಗು ರಾತ್ರಿ ಸತ್ತುಹೋದದ್ದರಿಂದ ಇನ್ನೊಬ್ಬಳ ಮಗುವನ್ನು ಎತ್ತಿಕೊಂಡವಳು. ಜಾತಕದವಳಂತೂ ಹೆಣ್ಣಿನ ರೂಪು ತಾಳಿದ ಯಕ್ಷಿಣಿ. ಅವಳ ಎವೆಯಿಕ್ಕದ ಕೆಂಗಣ್ಣುಗಳನ್ನು ಕಂಡೊಡನೆ ಮಹೋಸಧನಿಗೆ ನಿಜವು ತಿಳಿದುಹೋಯಿತೆಂದು ಕಥೆ ಹೇಳುತ್ತದೆ. ಆದುದರಿಂದ ಗೆರೆಯ ಪರೀಕ್ಷೆ ನಡೆದದ್ದು ಅವನ ಸಂದೇಹಪರಿಹಾರಕ್ಕಲ್ಲ, ನೆರೆದ ಜನರ ಮನವರಿಕೆಗೆ. ಕುಟುಂಬ ನ್ಯಾಯಾಲಯದ ಸ್ಥಿತಿ ಇದಕ್ಕೆ ತೀರ ಬೇರೆ. ಅಲ್ಲಿ ತಾಯಿಯೂ ನಿಜ, ತಂದೆಯೂ ನಿಜ. ಹುಟ್ಟಿನ ವಿಷಯದಲ್ಲಿ ಸಂದೇಹ ಬಂದರೆ ಅದನ್ನು ಡಿ.ಎನ್.ಎ. ಪರೀಕ್ಷೆ ತೀರಿಸುತ್ತದೆ, ಅಭಿರಕ್ಷೆಯ ಪ್ರಶ್ನೆ ಮೊದಲಾಗುವುದು ಆ ಸಂದೇಹ ತೀರಿದ ಮೇಲೆಯೇ. ಸೊಲೊಮೋನನ ಕಥೆ ಮುಗಿಯುವ ಸ್ಥಳದಲ್ಲಿ ಕುಟುಂಬ ನ್ಯಾಯಾಧೀಶನ ಕೆಲಸ ಆರಂಭವಾಗುತ್ತದೆ.

ಇನ್ನೂ ಒಂದು ಭೇದವುಂಟು. ಕಥೆಯಲ್ಲಿ ಕೈ ಬಿಟ್ಟವಳಿಗೆ ಮಗು ದೊರೆಯುತ್ತದೆ. ವ್ಯವಹಾರದಲ್ಲಿ ಕೈ ಬಿಟ್ಟವರು ಅದನ್ನು ಕಳೆದುಕೊಳ್ಳುವ ಸಂಭವವೇ ಹೆಚ್ಚು. ಮಗು ಈಗ ಎಲ್ಲಿ ನೆಲೆಗೊಂಡಿದೆ, ಯಾವ ಶಾಲೆಗೆ ಹೋಗುತ್ತಿದೆ ಎಂಬುದನ್ನು ನ್ಯಾಯಾಲಯಗಳು ತೂಕಕ್ಕೆ ತೆಗೆದುಕೊಳ್ಳುತ್ತವೆ. ಹೀಗಿರಲು, ಬಿಟ್ಟುಕೊಡುವುದೇ ಪ್ರೀತಿಯ ಗುರುತೆಂದು ದಂಪತಿಗಳಿಗೆ ಉಪದೇಶಿಸುವುದು ಸೋಲಿನ ಹಾದಿ ತೋರಿಸಿದಂತೆ.

ಹೆತ್ತವಳೇ ಕರುಣಾಳು ಎಂಬ ನಂಬಿಕೆಯನ್ನು ಮೊದಲು ತಲೆಕೆಳಗು ಮಾಡಿದ ಪ್ರಸಿದ್ಧ ಲೇಖಕನೆಂದರೆ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್. ಚೀನೀ ನಾಟಕವು 1832ರಲ್ಲಿ ಫ್ರೆಂಚ್ ಭಾಷೆಗೆ ಬಂದಿತು. 1925ರಲ್ಲಿ ಕ್ಲಾಬುಂಡ್ ಅದನ್ನು ಜರ್ಮನ್ ರಂಗಭೂಮಿಗೆ ಅಳವಡಿಸಿದನು. ಬ್ರೆಕ್ಟನು ದೇಶಭ್ರಷ್ಟನಾಗಿ ಅಮೆರಿಕದಲ್ಲಿದ್ದಾಗ, 1944ರಲ್ಲಿ, ಇದನ್ನೇ ಮೂಲವಾಗಿಟ್ಟುಕೊಂಡು ‘ಕಾಕೇಸಿಯನ್ ಸೀಮೆಸುಣ್ಣದ ವೃತ್ತ’ವನ್ನು ರಚಿಸಿದನು. ಇಲ್ಲಿ ರಾಜ್ಯಪಾಲನ ಹೆಂಡತಿ ದಂಗೆಯ ಗದ್ದಲದಲ್ಲಿ ಉಡುಪುಗಳನ್ನು ಆರಿಸುತ್ತ ಕೂಸನ್ನೇ ಮರೆತು ಓಡಿಹೋಗುತ್ತಾಳೆ; ಅಡಿಗೆಮನೆಯ ದಾಸಿ ಗ್ರೂಷಾ ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟಗಳನ್ನು ದಾಟಿ ಸಾಕುತ್ತಾಳೆ. ದಂಗೆ ಅಡಗಿದ ಮೇಲೆ ಹೆತ್ತ ತಾಯಿ ಮರಳಿ ಬಂದು ರಕ್ತಸಂಬಂಧದ ಮಾತನ್ನಾಡುತ್ತಾಳೆ. ವಾರಸುದಾರನಾದ ಮಗುವಿಲ್ಲದೆ ಆಸ್ತಿ ಕೈಗೆ ಬಾರದೆಂಬ ಗುಟ್ಟನ್ನು ಅವಳ ವಕೀಲನೇ ಬಾಯಿತಪ್ಪಿ ಹೊರಗೆಡಹುತ್ತಾನೆ. ಲಂಚಕೋರನಾದರೂ ಕಣ್ಣು ತೆರೆದಿರುವ ನ್ಯಾಯಾಧೀಶ ಅಜ್ದಕ್, ಎರಡು ಸಲವೂ ಎಳೆಯದೆ ಕೈಬಿಟ್ಟ ಗ್ರೂಷಾಳಿಗೆ ಮಗುವನ್ನು ಒಪ್ಪಿಸುತ್ತಾನೆ. ಹೆರಿಗೆಯ ಹಕ್ಕಿಗಿಂತ ಸಾಕಿದ ಶ್ರಮ ಹಿರಿದೆಂಬುದು ನಾಟಕದ ನಿಲುವು.

ಈ ನಿಲುವು ಮೆಚ್ಚತಕ್ಕದ್ದೇ. ಆದರೆ ನಾಟಕದ ಕೊನೆಯ ಮಾತನ್ನು ಎಚ್ಚರದಿಂದ ಓದಿದವರಿಗೆ ಒಂದು ತೊಡಕು ತೋರದಿರದು. ಯಾವುದಕ್ಕೆ ಯಾರು ಒಳ್ಳೆಯವರೋ ಅದು ಅವರದಾಗಲಿ ಎಂದು ಹೇಳುತ್ತ, ಗಾಯಕನು ತಾಯ್ತನವುಳ್ಳವರಿಗೆ ಮಕ್ಕಳನ್ನೂ, ಚೆನ್ನಾಗಿ ಓಡಿಸುವವರಿಗೆ ಗಾಡಿಯನ್ನೂ, ನೀರೂಡಿಸುವವರಿಗೆ ಕಣಿವೆಯನ್ನೂ ಒಂದೇ ಸಾಲಿನಲ್ಲಿ ಸೇರಿಸುತ್ತಾನೆ. ಒಡೆಯರು ಬದಲಾದರು; ಮಗು ಮಾತ್ರ ಗಾಡಿಯ ಪಕ್ಕದಲ್ಲಿಯೇ ಉಳಿಯಿತು. ವೃತ್ತದ ನಡುವೆ ನಿಂತ ಮಿಖಾಯಿಲನನ್ನು ಅಜ್ದಕನೂ ಒಂದು ಮಾತು ಕೇಳುವುದಿಲ್ಲ.

ಬ್ರೆಕ್ಟನು ರಂಗದ ಮೇಲೆ ಒಂದು ರಾತ್ರಿಯಲ್ಲಿ ಮಾಡಿದ ತಿರುವನ್ನು ನ್ಯಾಯಶಾಸನವು ನೂರೈವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಮಾಡಿತೆನ್ನಬಹುದು. ಇಂಗ್ಲೆಂಡಿನಲ್ಲಿ 1804ರಲ್ಲಿ ತಂದೆಯೊಬ್ಬನು ಎಂಟು ತಿಂಗಳ ಮೊಲೆಗೂಸನ್ನು ತಾಯಿಯಿಂದ ಕಿತ್ತುಕೊಂಡು ಹೋದಾಗ, ನ್ಯಾಯಸ್ಥಾನವು ತಂದೆಯ ಹಕ್ಕನ್ನೇ ಎತ್ತಿಹಿಡಿಯಿತು. ಕೆರೊಲೈನ್ ನಾರ್ಟನ್ ಎಂಬ ಲೇಖಕಿ ತನ್ನ ಮೂವರು ಮಕ್ಕಳಿಂದ ಅಗಲಿಸಲ್ಪಟ್ಟು ನಡೆಸಿದ ಹೋರಾಟದ ಫಲವಾಗಿ 1839ರ ಶಾಸನ ಬಂದು, ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೇಳುವ ಅವಕಾಶ ತಾಯಿಗೆ ದೊರೆಯಿತು. ಮಗುವಿನ ಹಿತವೇ ಪ್ರಧಾನವೆಂಬ ಸೂತ್ರವನ್ನು 1925ರ ಶಾಸನ ಅಲ್ಲಿ ಸ್ಪಷ್ಟವಾಗಿ ಸಾರಿತು.

ನಮ್ಮ ದೇಶದಲ್ಲಿ ಹಕ್ಕಿನ ಭಾಷೆಯೂ ಹಿತದ ಭಾಷೆಯೂ ಒಂದೇ ಶಾಸನದಲ್ಲಿ ಕೂಡಿ ಬಾಳುತ್ತಿವೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 6ನೆಯ ಪ್ರಕರಣವು ತಂದೆಯನ್ನು, ಅವನ ‘ತರುವಾಯ’ ತಾಯಿಯನ್ನು ಸಹಜ ಪಾಲಕರೆಂದು ಹೆಸರಿಸುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕೆನ್ನುತ್ತದೆ. 13ನೆಯ ಪ್ರಕರಣವಾದರೋ ಮಗುವಿನ ಹಿತವೇ ಪರಮಪರಿಗಣನೆಯೆಂದು ಹೇಳುತ್ತದೆ. ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ತಾಯಿಯ ರುಜು ಸಾಲದೆಂಬ ಆಕ್ಷೇಪದಿಂದ ಹುಟ್ಟಿದ ಗೀತಾ ಹರಿಹರನ್ ಮೊಕದ್ದಮೆಯಲ್ಲಿ, 1999ರಲ್ಲಿ, ಸರ್ವೋಚ್ಚ ನ್ಯಾಯಾಲಯವು ‘ತರುವಾಯ’ ಎಂಬುದಕ್ಕೆ ‘ತಂದೆಯ ಮರಣಾನಂತರ’ ಎಂದಲ್ಲದೆ ‘ತಂದೆಯ ಗೈರುಹಾಜರಿಯಲ್ಲಿ’ ಎಂದು ಅರ್ಥ ಮಾಡಿತು. ಒಂದು ಅವ್ಯಯದ ಅರ್ಥದ ಮೇಲೆ ತಾಯಂದಿರ ಸ್ಥಾನ ನಿಂತಿತ್ತೆಂಬುದು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ. ಅದಕ್ಕೂ ಮುಂಚೆ, 1973ರ ತೀರ್ಪೊಂದರಲ್ಲಿ, ಮಕ್ಕಳು ತಂದೆತಾಯಿಗಳ ಚರಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಅದೇ ನ್ಯಾಯಾಲಯ ಹೇಳಿತ್ತು. ಬ್ರೆಕ್ಟನ ಗಾಡಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹಾಗಾದರೆ ಮಗುವಿನ ಮಾತು? 1890ರ ಪಾಲಕರ ಮತ್ತು ಪಾಲ್ಯರ ಅಧಿನಿಯಮವು, ವಿವೇಚನೆಯಿಂದ ಆರಿಸುವಷ್ಟು ಮಗು ಬೆಳೆದಿದ್ದರೆ ಅದರ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದೆಂದು 17ನೆಯ ಪ್ರಕರಣದಲ್ಲಿ ಹೇಳುತ್ತದೆ. ಕತ್ತಿ, ಗೆರೆ, ವೃತ್ತಗಳ ಕಥೆಗಳಲ್ಲಿ ಇಲ್ಲದ ಅಂಶ ಇದೇ. ಇದನ್ನು ಅರಿಯಲು ನಾವು ಮಹಾಭಾರತದ ಉದ್ಯೋಗಪರ್ವಕ್ಕೆ ಹೋಗಬೇಕು.

ಕರ್ಣನ ವಿಷಯದಲ್ಲಿ ನಮ್ಮ ವಿಮರ್ಶೆ ಅವನ ಸ್ವಾಮಿನಿಷ್ಠೆಯನ್ನೂ ದಾನಗುಣವನ್ನೂ ಕುರಿತು ಬಹಳವಾಗಿ ಹೇಳಿದೆ. ಆ ಪ್ರಸಂಗವನ್ನು ಅಭಿರಕ್ಷೆಯ ವ್ಯಾಜ್ಯವೆಂದು ಓದಿದರೆ ಬೇರೊಂದು ಮುಖ ಕಾಣುತ್ತದೆ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ರಥದಲ್ಲಿ ಕರೆದೊಯ್ದು ಮುಂದಿಡುವ ವಾದ ಶುದ್ಧ ಧರ್ಮಶಾಸ್ತ್ರದ್ದು: ಕನ್ಯೆಯಲ್ಲಿ ಹುಟ್ಟಿದ ಕಾನೀನಪುತ್ರನಿಗೆ, ಅವಳನ್ನು ಮದುವೆಯಾದವನೇ ತಂದೆ, ಆದ್ದರಿಂದ ನೀನು ಪಾಂಡುವಿನ ಮಗ, ರಾಜ್ಯವೂ ನಿನ್ನದು. ಶಾಸ್ತ್ರದ ಹಿಂದೆಯೇ ಆಸ್ತಿಯೂ ಬಂತೆಂಬುದನ್ನು ಗಮನಿಸಬೇಕು. ರಾಜ್ಯಪಾಲನ ಹೆಂಡತಿಯ ವಕೀಲನದೂ ಇದೇ ದಾರಿ. ಕರ್ಣನು ಶಾಸ್ತ್ರವನ್ನು ಅಲ್ಲಗಳೆಯುವುದಿಲ್ಲ. ಧರ್ಮದಿಂದ ತಾನು ಪಾಂಡುವಿನ ಮಗನೇ ಎಂದು ಒಪ್ಪಿ, ಬೇರೊಂದು ಸಾಕ್ಷ್ಯವನ್ನು ಮುಂದಿಡುತ್ತಾನೆ: ತನ್ನನ್ನು ಕಂಡ ಪ್ರೀತಿಗೆ ರಾಧೆಯ ಎದೆಯಲ್ಲಿ ಹಾಲಿಳಿಯಿತು, ತನ್ನ ಮಲಮೂತ್ರಗಳನ್ನು ಬಳಿದವಳು ಅವಳು, ಜಾತಕರ್ಮ ಮಾಡಿಸಿದವನು ಅಧಿರಥ, ಅವರ ಪಿಂಡವನ್ನು ತಾನು ಹೇಗೆ ತಪ್ಪಿಸಲಿ? ಬಳಿಕ ಕುಂತಿಯೇ ಬಂದಾಗ ಅವನ ಮಾತು ಇನ್ನೂ ಕಠಿನವಾಗುತ್ತದೆ. ಹಿಂದೆ ತಾಯಿಯಂತೆ ನನ್ನ ಹಿತವನ್ನು ನೋಡದವಳು ಇಂದು ನಿನ್ನ ಹಿತಕ್ಕಾಗಿ ನನಗೆ ಬುದ್ಧಿ ಹೇಳುತ್ತಿರುವೆ ಎಂದು ನೇರವಾಗಿ ಆಡಿಬಿಡುತ್ತಾನೆ. ‘ಹಿತ’ವೆಂಬ ಆ ಶಬ್ದವೇ ಇಂದಿನ ನಮ್ಮ ಶಾಸನದ ತಿರುಳು.

ಇಲ್ಲಿ ವೃತ್ತವಿಲ್ಲ, ಎಳೆದಾಟವಿಲ್ಲ. ಎಳೆಯಲ್ಪಟ್ಟವನೇ ಸಾಕ್ಷಿ ನುಡಿಯುತ್ತಾನೆ. ಗ್ರೂಷಾಳ ಶ್ರಮವನ್ನು ಅಜ್ದಕನು ಹೊರಗಿನಿಂದ ಊಹಿಸಿದನು. ರಾಧೆಯ ಶ್ರಮವನ್ನು ಅದನ್ನು ಉಂಡವನೇ ಹೇಳುತ್ತಾನೆ. ಈ ದೃಷ್ಟಿಯಿಂದ ಉದ್ಯೋಗಪರ್ವದ ಸಂದರ್ಭ ಉಳಿದ ಕಥೆಗಳಿಗಿಂತ ಒಂದು ಹೆಜ್ಜೆ ಮುಂದಿದೆಯೆಂದು ನಮ್ಮ ಅಭಿಪ್ರಾಯ.

ಆದರೆ ಇದನ್ನೂ ಮಾದರಿಯಾಗಿ ಮಾಡಿಕೊಳ್ಳುವುದು ಸುಲಭವಲ್ಲ. ಕರ್ಣನನ್ನು ಕೇಳಿದ್ದು ಅವನು ಮೊಮ್ಮಕ್ಕಳನ್ನು ಕಂಡ ಮೇಲೆ. ಉತ್ತರ ಏನಾಗಿದ್ದರೂ ಯಾರಿಗಾದರೊಬ್ಬರಿಗೆ ಅವನು ದ್ರೋಹಿಯಾಗಬೇಕಿತ್ತು. ಎಂಟು ವರ್ಷದ ಮಗುವನ್ನು ನಿಲ್ಲಿಸಿ ‘ನಿನಗೆ ಅಪ್ಪ ಬೇಕೋ, ಅಮ್ಮ ಬೇಕೋ’ ಎಂದು ಕೇಳುವವರು ಈ ಭಾರವನ್ನೇ ಅದರ ತಲೆಯ ಮೇಲೆ ಹೊರಿಸುತ್ತಾರೆ. ಒಬ್ಬರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸನ್ನು ಕೆಡಿಸುವ ಅಪಾಯವನ್ನು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ ಎತ್ತಿ ತೋರಿಸಿದೆ. ತಂದೆತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕೆಂದು 2020ರಲ್ಲಿ ಹೇಳಿದೆ. ಆದುದರಿಂದ ಮಗುವಿನ ಮಾತನ್ನು ಕೇಳಬೇಕು. ತೀರ್ಪಿನ ಹೊಣೆಯನ್ನು ಮಾತ್ರ ಅದಕ್ಕೆ ವಹಿಸಬಾರದು.

ತರಗತಿಯಲ್ಲಿ ಸೊಲೊಮೋನನ ಕಥೆಯನ್ನೋ ಬ್ರೆಕ್ಟನ ನಾಟಕವನ್ನೋ ಪಾಠ ಹೇಳುವ ಅಧ್ಯಾಪಕರು, ಗೆದ್ದವಳು ಯಾರೆಂಬ ಪ್ರಶ್ನೆಯೊಡನೆ ಇನ್ನೊಂದನ್ನೂ ಕೇಳಿಸುವುದು ಒಳ್ಳೆಯದು: ಗೆರೆಯೊಳಗೆ ನಿಂತಿದ್ದ ಮಗು ಆ ಹೊತ್ತಿನಲ್ಲಿ ಯಾರ ಕಡೆಗೆ ನೋಡುತ್ತಿತ್ತು? ಕಥೆಗಾರರು ಇದನ್ನು ಹೇಳಿಲ್ಲ. ನಾಳೆ ವಕೀಲರೂ ನ್ಯಾಯಾಧೀಶರೂ ತಂದೆತಾಯಿಗಳೂ ಆಗಬೇಕಾದ ನಮ್ಮ ವಿದ್ಯಾರ್ಥಿಗಳು ಇದನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಂಡರೆ, ಹಳೆಯ ಕಥೆಯ ಓದು ಸಾರ್ಥಕವಾದಂತೆ.