ಕಲ್ಲುಬೆಂಚಿನ ಮೇಲೆ ಸಿಸಿರೋ

ನಾವು ನಾಲ್ವರು ಸಂಜೆಯ ಹೊತ್ತು ಉದ್ಯಾನದ ಒಂದು ಕಲ್ಲುಬೆಂಚಿನ ಮೇಲೆ ಕೂಡುತ್ತೇವೆ. ಎಲ್ಲರಿಗೂ ಎಪ್ಪತ್ತು ದಾಟಿದೆ. ಮಾತು ರಾಜಕೀಯದಿಂದ ಹೊರಡಲಿ, ರಾಗಿಯ ಧಾರಣೆಯಿಂದ ಹೊರಡಲಿ, ಕೊನೆಗೆ ಬಂದು ನಿಲ್ಲುವುದು ಮಂಡಿನೋವಿನ ಬಳಿ. ನಮ್ಮ ಮೇಷ್ಟ್ರಿಗೆ ಕಿವಿ ಮಂದ. ವಕೀಲರು ತಮ್ಮ ಹಳೆಯ ಮೊಕದ್ದಮೆಗಳನ್ನು ಬಿಚ್ಚಿದೊಡನೆ ಅವರು ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಪ್ಪಿನಿಂದ ತಮಗೆ ದೊರೆತ ಸವಲತ್ತು ಇದೊಂದೇ ಎಂದು ವಕೀಲರ ಎದುರಿಗೇ ಹೇಳುತ್ತಾರೆ. ನಾಲ್ಕನೆಯವರು ಪೋಸ್ಟ್ ಮಾಸ್ಟರಾಗಿದ್ದವರು. ಹೋದ ವರ್ಷ ಪತ್ನಿ ತೀರಿಕೊಂಡ ಮೇಲೆಯೂ ತಪ್ಪದೆ ಬಂದು ಕೂರುತ್ತಾರೆ. ನಗುವುದನ್ನು ಮಾತ್ರ ಬಿಟ್ಟಿದ್ದಾರೆ.

ಮುಪ್ಪನ್ನು ಮೆಚ್ಚಿ ಬರೆದವರು ಯಾರಾದರೂ ಉಂಟೇ ಎಂದು ಒಂದು ದಿನ ಮೇಷ್ಟ್ರು ಕೇಳಿದರು. ರೋಮಿನ ಸಿಸಿರೋ ಬರೆದಿದ್ದಾನೆ ಎಂದು ನಾನು ವಿದ್ಯೆ ಮೆರೆದೆ. ಆ ತಪ್ಪಿಗೆ ಇಂಗ್ಲಿಷ್ ಅನುವಾದವನ್ನು ಹೊತ್ತು ತಂದು ನಾಲ್ಕು ಸಂಜೆ ಅರ್ಥ ಹೇಳಬೇಕಾಯಿತು. ಮುಂದಿನ ವಿಮರ್ಶೆಯಲ್ಲಿ ಸತ್ತ್ವವೇನಾದರೂ ಇದ್ದರೆ ಅದು ಆ ಬೆಂಚಿಗೆ ಸಲ್ಲತಕ್ಕದ್ದು.

ಗ್ರಂಥ ಹುಟ್ಟಿದ್ದು ಕ್ರಿ.ಪೂ. 44ರಲ್ಲಿ. ಅರವತ್ತೆರಡರ ಸಿಸಿರೋ ಅದನ್ನು ತನಗಿಂತ ಮೂರು ವರ್ಷಕ್ಕೆ ಹಿರಿಯನಾದ ಗೆಳೆಯ ಅಟಿಕಸ್‌ಗೆ ಅರ್ಪಿಸಿದ್ದಾನೆ. ಬರೆಯುತ್ತ ಬರೆಯುತ್ತ ತನ್ನ ಮುಪ್ಪಿನ ಕಿರಿಕಿರಿಯೇ ಮಾಯವಾಯಿತೆಂದು ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಮಾತನ್ನು ಆಡಿಸುವುದು ಒಂದು ಶತಮಾನ ಹಿಂದಿನ ಕೇಟೋನ ಬಾಯಿಂದ. ಎಂಬತ್ತನಾಲ್ಕರ ಆ ಮುದುಕ, ಸ್ಕಿಪಿಯೋ ಮತ್ತು ಲೀಲಿಯಸ್ ಎಂಬ ಇಬ್ಬರು ಕಿರಿಯರ ಮುಂದೆ, ಮುಪ್ಪಿನ ಮೇಲಿನ ನಾಲ್ಕು ಆಪಾದನೆಗಳಿಗೆ ಉತ್ತರ ಕೊಡುತ್ತಾನೆ: ಅದು ಕೆಲಸದಿಂದ ಬಿಡಿಸುತ್ತದೆ, ಮೈಬಲ ಕಸಿಯುತ್ತದೆ, ಸುಖ ಕೆಡಿಸುತ್ತದೆ, ಸಾವಿಗೆ ಹತ್ತಿರವಾಗಿದೆ.

ಉತ್ತರಗಳು ಸೊಗಸಾಗಿವೆ. ಸೊಫೊಕ್ಲಿಸನ ಬುದ್ಧಿ ಕೆಟ್ಟಿದೆಯೆಂದು ಮಕ್ಕಳು ನ್ಯಾಯಾಲಯಕ್ಕೆ ಎಳೆದಾಗ ಅವನು ಆಗತಾನೆ ಬರೆದ ಈಡಿಪಸ್‌ನ ನಾಟಕವನ್ನು ಓದಿ ಗೆದ್ದನೆಂಬ ಕಥೆ ಇದರಲ್ಲಿದೆ. (ನಮ್ಮ ಎ. ಎನ್. ಮೂರ್ತಿರಾಯರು ‘ದೇವರು’ ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತರ ಮೇಲೆ. ನಾವು ಸಾಕ್ಷಿಗೆ ಗ್ರೀಸಿಗೆ ಹೋಗಬೇಕಾಗಿಲ್ಲ.) ಎಲ್ಲಕ್ಕಿಂತ ರುಚಿಯಾದದ್ದು ದ್ರಾಕ್ಷಿಯ ತೋಟದ ಭಾಗ. ಚಿಗುರು, ಬಳ್ಳಿ, ಗೊಬ್ಬರ ಎಂದು ಕೇಟೋ ವಾದವನ್ನೇ ಮರೆತುಬಿಡುತ್ತಾನೆ. ಮರೆತದ್ದು ಹೊಳೆದು, ಮುದುಕರು ವಾಚಾಳಿಗಳೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಮೇಷ್ಟ್ರು ಯಂತ್ರವನ್ನು ಕಿವಿಯಲ್ಲೇ ಬಿಟ್ಟುಕೊಂಡು ಕೇಳಿದ ಭಾಗವಿದು.

ಆದರೂ ವಕೀಲರ ತೀರ್ಪು ಬೇರೆಯಾಗಿತ್ತು. “ವಾದ ಚೆನ್ನಾಗಿದೆ ಕಣಯ್ಯಾ. ಎದುರು ಪಕ್ಷಕ್ಕೆ ವಕೀಲನೇ ಇಲ್ಲವಲ್ಲ!” ಈ ಆಕ್ಷೇಪ ಸರಿಯೆಂದು ನನಗೂ ತೋರಿತು. ಆ ಕಿರಿಯರಿಬ್ಬರೂ ವಿನಯದಿಂದ ಪ್ರಶ್ನೆ ಹಾಕಿ ಸುಮ್ಮನಾಗುತ್ತಾರೆ. ಕೇಟೋನ ಓರಗೆಯ ಒಬ್ಬ ಗೆಳೆಯ, ಮಂಡಿ ಹಿಡಿದುಕೊಂಡು, ಸಾಕು ಮಾಡೋ ಮಾರಾಯ ಎನ್ನುವವನು, ಅಲ್ಲಿಲ್ಲ. ಹೀಗಾಗಿ ಮೈಲೋನಂಥ ಪೈಲ್ವಾನನಿಗೆ ಅನ್ಯಾಯವಾಗಿದೆ. ಮುಪ್ಪಿನಲ್ಲಿ ತನ್ನ ತೋಳುಗಳನ್ನು ನೋಡಿಕೊಂಡು ಅವನು ಅತ್ತನೆಂದು ಕೇಟೋ ಹಳಿಯುತ್ತಾನೆ. “ಅಳಲಿ ಬಿಡಿ, ಪಾಪ. ಪೈಲ್ವಾನ ತೋಳು ನೋಡಿ ಅಳದೆ ಪಂಚಾಂಗ ನೋಡಿ ಅಳುತ್ತಾನೆಯೇ?” ಎಂದರು ಮೇಷ್ಟ್ರು. ಮುಪ್ಪಿನ ವಿನೋದಕ್ಕೆ ಅಳುವವನನ್ನೂ ಬೆಂಚಿನ ಮೇಲೆ ಕೂರಿಸಿಕೊಳ್ಳುವ ಉದಾರತೆ ಬೇಕು. ಈ ಪುಸ್ತಕದಲ್ಲಿ ನನಗೆ ಕಂಡ ಕೊರತೆ ಅದೇ.

ನಾಲ್ಕನೆಯ ಸಂಜೆ, ಸಾವಿನ ಭಾಗ ಮುಗಿಯುವ ಹೊತ್ತಿಗೆ ಪೋಸ್ಟ್ ಮಾಸ್ಟರು ಬಾಯಿ ಬಿಟ್ಟರು. “ಇವನಿಗೆ ಯಾರು ಹೋಗಿದ್ದರು?”

ಗ್ರಂಥದ ಹಿಂದಿನ ವರ್ಷ, ಕ್ರಿ.ಪೂ. 45ರಲ್ಲಿ, ಸಿಸಿರೋನ ಮಗಳು ಟುಲಿಯಾ ತೀರಿಕೊಂಡಿದ್ದಳು. ಹೇಳಿದೆ. ಅವರು ಕೊನೆಯ ಪುಟಗಳನ್ನು ಇನ್ನೊಮ್ಮೆ ಓದಲು ಹೇಳಿದರು. ಅಲ್ಲಿ ಕೇಟೋ ಸತ್ತ ತನ್ನ ಮಗನನ್ನು ನೆನೆಯುತ್ತಾನೆ. ಮಗ ಮಾಡಬೇಕಾಗಿದ್ದ ಸಂಸ್ಕಾರವನ್ನು ತಂದೆ ಮಾಡಬೇಕಾಯಿತೆಂಬ ಮಾತು ಬರುತ್ತದೆ. ಎರಡು ಸಲ ಓದಿದ್ದ ನಾನು ಅದನ್ನು ವಾದದ ಒಂದು ಮೆಟ್ಟಿಲೆಂದೇ ತಿಳಿದು ದಾಟಿದ್ದೆ. ಉಳಿದದ್ದನ್ನೆಲ್ಲ ಈ ಮಾತನ್ನು ಆಡಲಿಕ್ಕಾಗಿಯೇ ಬರೆದಿದ್ದಾನೆ ಎಂದರು ಪೋಸ್ಟ್ ಮಾಸ್ಟರು. ದ್ರಾಕ್ಷಿಯ ತೋಟವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲವಾದರೂ ಆ ಪುಟವನ್ನು ಅವರು ನನಗಿಂತ ಚೆನ್ನಾಗಿ ಓದಿದರೆಂಬುದು ನಿಜ.

ಆಗ ನನಗೆ ಒಂದು ಕಾಗದ ನೆನಪಾಯಿತು. ಸೀಸರನ ಕೊಲೆಯಾಗಿ ಎರಡು ತಿಂಗಳಿಗೆ, ಅದೇ ವರ್ಷದ ಮೇ ತಿಂಗಳಲ್ಲಿ, ಸಿಸಿರೋ ಅಟಿಕಸ್‌ಗೆ ಬರೆದದ್ದು. ಮುಪ್ಪು ತನ್ನನ್ನು ಕಹಿಮಾಡುತ್ತಿದೆ, ಎಲ್ಲದಕ್ಕೂ ಸಿಡುಕುತ್ತಿದ್ದೇನೆ, ನಿನಗೆ ಕಳಿಸಿದ ಆ ಪುಸ್ತಕವನ್ನು ನಾನೇ ಇನ್ನಷ್ಟು ಸಲ ಓದಬೇಕಾಗಿದೆ ಎಂಬುದು ಅದರ ತಾತ್ಪರ್ಯ. ಗ್ರಂಥದಲ್ಲಿ ನಮಗೆ ಸಿಕ್ಕದ ಓರಗೆಯ ಗೆಳೆಯ ಅಂಚೆಯ ಆ ಕೊನೆಯಲ್ಲಿ ಕೂತಿದ್ದ! ಮರುವರ್ಷ ಡಿಸೆಂಬರಿನಲ್ಲಿ ಸಿಸಿರೋ ಕೊಲೆಯಾದ.

“ಬರೆದವನೇ ಮತ್ತೆ ಓದಬೇಕಾಯಿತೇ?” ಪೋಸ್ಟ್ ಮಾಸ್ಟರು ಕೇಳಿದರು. ಹೌದೆಂದೆ. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕಣ್ಣೊರೆಸಿಕೊಂಡು, ಆ ಕಾಗದಗಳ ಪುಸ್ತಕವೂ ಇದ್ದರೆ ನಾಳೆ ತರಬೇಕೆಂದರು. ಏನು ನಡೆಯಿತೆಂದು ಮೇಷ್ಟ್ರು ಜೇಬಿನೊಳಗೆ ಯಂತ್ರ ಹುಡುಕುತ್ತಿದ್ದರು.