ಬೆಳ್ಳಿ ಕಣಕ್ಕೊಂದು ಕತ್ತಿ ಪರೀಕ್ಷೆ

ಮಳೆ ಹಿಡಿಯುವ ಮುಂಚೆ ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳಲ್ಲಿ ಒಂದು ಪುಟ್ಟ ಪರೀಕ್ಷೆ ನಡೆಯುತ್ತದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಸೇರಿದರೆ ಬೋರ್ಡೋ ದ್ರಾವಣ. ಕೊನೆಗಾರ ಮರ ಹತ್ತುವ ಮೊದಲು ಯಾರಾದರೊಬ್ಬರು ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿತೋ, ಮೈಲುತುತ್ತದ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಔಷಧಿಯೇ ಅಡಿಕೆ ಕೊನೆಯನ್ನು ಸುಟ್ಟೀತು. ಇನ್ನಷ್ಟು ಸುಣ್ಣದ ತಿಳಿ, ಮತ್ತೊಮ್ಮೆ ಕತ್ತಿ. ಲೋಹದಿಂದ ರೋಗಾಣು ಕೊಲ್ಲಲು ಹೊರಟವನು ಆ ಲೋಹ ಯಾವ ರೂಪದಲ್ಲಿದೆ ಎಂದು ಮೊದಲು ಕೇಳಿಕೊಳ್ಳುವ ಕ್ರಮ ಇದು.

ಸೂಕ್ಷ್ಮಜೀವಿಗಳಿಂದ ಬೆಳ್ಳಿಯ ನ್ಯಾನೊ ಕಣ ತಯಾರಿಸುವ ಸಂಶೋಧನಾ ಪ್ರಬಂಧಗಳನ್ನು ಓದುವಾಗ ನನಗೆ ಈ ಕತ್ತಿ ಮತ್ತೆ ಮತ್ತೆ ನೆನಪಾಯಿತು. ಇವು ಒಂದೆರಡಲ್ಲ, ರಾಶಿ ಬಿದ್ದಿವೆ. ಬಹುತೇಕ ಒಂದೇ ಅಚ್ಚಿನವು. ಮಣ್ಣಿನಿಂದ ಒಂದು ಶಿಲೀಂಧ್ರವನ್ನೋ ಬ್ಯಾಕ್ಟೀರಿಯಾವನ್ನೋ ಹೆಕ್ಕಿ ಬೆಳೆಸುವುದು. ಸೋಸಿದ ತಿಳಿಗೆ ಸಿಲ್ವರ್ ನೈಟ್ರೇಟ್ ಬೆರೆಸುವುದು. ತಿಳಿಹಳದಿ ದ್ರವ ಕಂದಾದರೆ ಕಣ ಹುಟ್ಟಿತೆಂದು ಹಿಗ್ಗುವುದು. ಬೆಳಕಿನ ಮಾಪಕದಲ್ಲಿ 420 ನ್ಯಾನೊಮೀಟರ್ ಆಸುಪಾಸಿಗೆ ಒಂದು ಗುಡ್ಡ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಂದು ಚಿತ್ರ, ಕೊನೆಗೆ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಪದರದ ನಡುವೆ ಬೋಳು ವೃತ್ತ. ಮೊದಲ ಪ್ಯಾರಾದಲ್ಲಿ ಪ್ರಾಚೀನರ ಬೆಳ್ಳಿ ಪಾತ್ರೆಯ ಪ್ರಸ್ತಾಪ ಬರಲೇಬೇಕು. ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿದು ಬೆಳೆದ ನನಗೂ ಅದು ಹಿತವೇ. ಆದರೆ ನಮ್ಮಜ್ಜಿ ಆ ಒಳಲೆಯನ್ನು ದಿನಾ ಕುದಿನೀರಿಗೆ ಹಾಕುತ್ತಿದ್ದರು. ಬೆಳ್ಳಿಯನ್ನು ಅವರು ಅಷ್ಟಾಗಿ ನಂಬಿರಲಿಲ್ಲ.

ಮೂಲದ ಕೆಲಸ ಮಾತ್ರ ನಿಜಕ್ಕೂ ಸೊಗಸಾದದ್ದು. 1999ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ಸೂಡೋಮೋನಾಸ್ ಸ್ಟುಟ್ಜೆರಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ತನ್ನ ಕೋಶದೊಳಗೆ 200 ನ್ಯಾನೊಮೀಟರ್‌ವರೆಗಿನ ಬೆಳ್ಳಿ ಹರಳುಗಳನ್ನು ಕೂಡಿಸುತ್ತದೆಂದು ತೋರಿಸಿದರು. ಆ ತಳಿ ಸಿಕ್ಕಿದ್ದು ಬೆಳ್ಳಿ ಗಣಿಯಲ್ಲಿ. ಒಳಗೆ ಕೂತ ಹರಳನ್ನು ಹೊರತೆಗೆಯಲು ಕೋಶ ಒಡೆಯಬೇಕಿತ್ತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅಬ್ಸಾರ್ ಅಹ್ಮದ್, ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2003ರಲ್ಲಿ ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಶಿಲೀಂಧ್ರ ಕಣಗಳನ್ನು ಹೊರಗೇ ಕಟ್ಟುತ್ತದೆಂದು ತೋರಿಸಿ ದಾರಿ ಸಲೀಸು ಮಾಡಿದರು. (ಬಾಳೆಗೆ ಪನಾಮ ಸೊರಗು ತರುವುದೂ ಇದೇ ಜಾತಿಯ ಶಿಲೀಂಧ್ರ. ಪ್ರಯೋಗಾಲಯದಲ್ಲಿ ಅದು ಕುಶಲಕರ್ಮಿ, ತೋಟದಲ್ಲಿ ಕೊಲೆಗಾರ.) ಕರ್ನಾಟಕದಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಫ್ಯುಸೇರಿಯಮ್ ಸೆಮಿಟೆಕ್ಟಮ್‌ನಿಂದ 10ರಿಂದ 60 ನ್ಯಾನೊಮೀಟರ್ ಕಣಗಳನ್ನು ಪಡೆಯಿತು. ಅವು ವಾರಗಟ್ಟಲೆ ತಳಕ್ಕಿಳಿಯದೆ ನಿಂತವು. ಜೀವಿ ತೊಡಿಸುವ ಪ್ರೋಟೀನಿನ ಕವಚ ಕಣಗಳನ್ನು ಒಂದಕ್ಕೊಂದು ಅಂಟಗೊಡದೆ ಹಿಡಿಯುತ್ತದೆ. ಈ ಪದ್ಧತಿಯ ದೊಡ್ಡ ಗುಣ ಇದೇ ಎಂದು ನನಗನ್ನಿಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಬಳಸಿ ಇದೇ ಬಗೆಯ ಕೆಲಸ ನಡೆದಿದೆ.

ಇಲ್ಲೊಂದು ವಿಪರ್ಯಾಸವಿದೆ. ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾಕ್ಕೆ ವಿಷ; ಅದು ಪ್ರೋಟೀನುಗಳ ಗಂಧಕವಿರುವ ತಾಣಕ್ಕೆ ಕಚ್ಚಿಕೊಂಡು ಉಸಿರಾಟವನ್ನೇ ಕೆಡಿಸುತ್ತದೆ. ಗಣಿಯ ಜೀವಿ ಆ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುವುದು ವಿಷದ ಹಲ್ಲು ಕೀಳುವ ಉಪಾಯ ಎಂಬುದು ಸಾಮಾನ್ಯ ವಿವರಣೆ. ಹಾಗೆ ಹಲ್ಲು ಕಿತ್ತ ಲೋಹವನ್ನೇ ನಾವು ಎತ್ತಿಕೊಂಡು ಅದರ ದಾಯಾದಿಗಳನ್ನು ಕೊಲ್ಲಲು ಹೊರಟಿದ್ದೇವೆ. ಹಾಗಾದರೆ ಕೊಲ್ಲುವುದು ಯಾವುದು, ಕಣವೋ, ಕಣದಿಂದ ಮತ್ತೆ ಕರಗಿ ಬರುವ ಅಯಾನೋ? 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಗಾಳಿ ಸುಳಿಯದ ಕಡೆ, ಅಂದರೆ ಬೆಳ್ಳಿ ಕರಗಲು ಆಮ್ಲಜನಕವೇ ಇಲ್ಲದಲ್ಲಿ, ಈ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದರು. ಅಲ್ಲಿ ಕಣಗಳು ಇ. ಕೋಲೈಗೆ ಹೇಳಿಕೊಳ್ಳುವಂಥ ಹಾನಿ ಮಾಡಲಿಲ್ಲ. ಅಂದರೆ ಕಣ ಒಂದು ಬತ್ತಳಿಕೆ, ಬಾಣ ಅಯಾನೇ.

ಇಷ್ಟು ಗೊತ್ತಾದ ಮೇಲೆ ಪ್ರತಿ ಪ್ರಬಂಧಕ್ಕೂ ಒಂದು ಕತ್ತಿ ಪರೀಕ್ಷೆ ಕಡ್ಡಾಯವಾಗಬೇಕಿತ್ತು. ತಟ್ಟೆಗೆ ಹಾಕಿದ ಹನಿಯಲ್ಲಿ ಕಣವಾಗದೆ ಉಳಿದ ಸಿಲ್ವರ್ ನೈಟ್ರೇಟ್ ಎಷ್ಟು? ಅಷ್ಟೇ ತೂಕದ ಬೆಳ್ಳಿಯನ್ನು ಬರೀ ಸಿಲ್ವರ್ ನೈಟ್ರೇಟಾಗಿ ಹಾಕಿದ್ದರೆ ವೃತ್ತ ಎಷ್ಟಾಗುತ್ತಿತ್ತು? ಸ್ಟ್ರೆಪ್ಟೊಮೈಸಿಸ್ ತಾನೇ ಪ್ರತಿಜೈವಿಕಗಳ ಕಣಜ, ಸ್ಟ್ರೆಪ್ಟೊಮೈಸಿನ್ ಹುಟ್ಟಿದ್ದೇ ಆ ಕುಲದಲ್ಲಿ. ಬೆಳ್ಳಿ ಸೇರದ ಬರೀ ತಿಳಿ ಏನು ಮಾಡಿತು? ಈ ಮೂರಕ್ಕೂ ಉತ್ತರವಿರುವ ಪ್ರಬಂಧ ನನ್ನ ಓದಿನಲ್ಲಿ ಅಪರೂಪ. ವೃತ್ತದ ಮಿಲಿಮೀಟರ್ ಲೆಕ್ಕವಂತೂ ಪ್ರತಿಜೈವಿಕದ ಎದುರು ಇಟ್ಟು ಹೋಲಿಸುವಂಥದ್ದೇ ಅಲ್ಲ. ಸಣ್ಣ ಅಣು ಅಗರ್‌ನಲ್ಲಿ ಸರಾಗ ಹರಡುತ್ತದೆ, ಕವಚ ತೊಟ್ಟ ಕಣ ತೆವಳುತ್ತದೆ. ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಪ್ರಮಾಣ ಹೇಳಿದವರ ಮಾತನ್ನು ನಾನು ಗಮನವಿಟ್ಟು ಓದುತ್ತೇನೆ. ಹಾಗೆಯೇ 2010ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದವರು ಟ್ರೈಕೋಡರ್ಮಾ ವಿರಿಡೆ ಶಿಲೀಂಧ್ರದಿಂದ ಕಣ ತಯಾರಿಸಿ, ಆಂಪಿಸಿಲಿನ್ ಜೊತೆ ಸೇರಿಸಿದಾಗ ಔಷಧದ ಬಲ ಹೆಚ್ಚುವುದನ್ನು ತೋರಿಸಿದ ಕೆಲಸಕ್ಕೆ ಬೆಲೆಯಿದೆ. ಒಂಟಿ ವೀರನನ್ನು ಬಿಟ್ಟು ಜೋಡೆತ್ತನ್ನು ಹುಡುಕಿದವರು ಅವರು. ಟ್ರೈಕೋಡರ್ಮಾ ನಮ್ಮ ತೋಟದವರಿಗೂ ಪರಿಚಿತ, ಬೇವಿನ ಹಿಂಡಿಗೆ ಬೆರೆಸಿ ಬುಡಕ್ಕೆ ಹಾಕುವ ಪುಡಿ.

ಜೀವಿಗಳಿಂದ ಕಣ ತಯಾರಿಸುವುದಕ್ಕೆ ಕೊಡುವ ‘ಹಸಿರು ವಿಧಾನ’ ಎಂಬ ಬಿರುದಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಲ್ವರ್ ನೈಟ್ರೇಟ್ ಅದೇ, ಅಂಗಡಿಯದು. ಆಟೋಕ್ಲೇವ್, ದಿನಗಟ್ಟಲೆ ತಿರುಗುವ ಶೇಕರ್, ಸೆಂಟ್ರಿಫ್ಯೂಜ್ ಇವುಗಳ ಕರೆಂಟ್ ಬಿಲ್ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಹೋಲಿಕೆಗೆ ಬೋರ್ಡೋ ದ್ರಾವಣವನ್ನೇ ಎಳೆದು ತಂದದ್ದಕ್ಕೆ ಕಾರಣವಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರಾ ಎಂದು ಗುರುತಿಸಿ, ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಫೈಟಾಫ್ತೊರಾ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರದಂತೆ ಕಾಣುವ ಬೇರೆಯೇ ಕುಲ. ಆದರೂ ಲೋಹದಿಂದ ರೋಗಾಣು ತಡೆಯುವ ತತ್ವ ಒಂದೇ. ಬೋರ್ಡೋ ಬರುವ ಮುಂಚೆ ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಹೊದಿಸಿ ಕಟ್ಟುವುದೇ ಉಪಾಯವಾಗಿತ್ತು. ಬೋರ್ಡೋ ನೂರು ವರ್ಷ ದಾಟಿ ಬಾಳಿದ್ದು ಅದರ ರಸಾಯನ ಅದ್ಭುತವೆಂದಲ್ಲ. ಯಾವ ಬೆಳೆ, ಯಾವ ರೋಗ, ಮಳೆಗೆ ಎಷ್ಟು ದಿನ ಮುಂಚೆ, 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕೇ, ಎಲ್ಲಕ್ಕೂ ತೋಟದಲ್ಲೇ ಉತ್ತರ ಸಿಕ್ಕಿತ್ತು.

ಬೆಳ್ಳಿ ಕಣಕ್ಕೆ ಅಂಥ ಒಂದು ರೋಗ ನಮ್ಮಲ್ಲೇ ಕಾದು ಕೂತಿದೆ. ಸಾಗರ, ಹೊಸನಗರದ ಕಡೆ ಗದ್ದೆಗಳಿಗೆ ಹಬ್ಬಿದ ಶುಂಠಿಗೆ ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾದ ಸೊರಗು ಬಂತೆಂದರೆ ಮಡಿಗೆ ಮಡಿಯೇ ಹೋಗುತ್ತದೆ. ರೈತ ಹುಡುಕುವುದು ಸ್ಟ್ರೆಪ್ಟೊಸೈಕ್ಲಿನ್ ಪೊಟ್ಟಣ, ಅಂದರೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ನ ಮಿಶ್ರಣ. ಮೊದಲನೆಯದು ಕ್ಷಯಕ್ಕೆ ಕೊಡುವ ಮದ್ದು. ಬೆಳೆಗಳ ಮೇಲೆ ಇವುಗಳ ಬಳಕೆಯನ್ನು ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಬದಲಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಬೆಳ್ಳಿ ಮಣ್ಣಿಗಿಳಿದರೆ ತಟ್ಟೆಯ ಆಟ ನಡೆಯುವುದಿಲ್ಲ. ಕ್ಲೋರೈಡ್, ಸಲ್ಫೈಡ್, ಸೊಪ್ಪು ದರಕು ಕೊಳೆತ ಸಾವಯವ ಅಂಶ ಎಲ್ಲವೂ ಅದನ್ನು ಹಿಡಿದು ಮಂಕು ಮಾಡುತ್ತವೆ. ಈ ಹಿಡಿತಕ್ಕೆ ಸಿಗದೆ ಹಳ್ಳಕ್ಕೆ ಹರಿದ ಬೆಳ್ಳಿಯ ಅಯಾನು ಸಿಹಿನೀರಿನ ಮೀನಿನ ಕಿವಿರಿಗೆ ಕಡು ವಿಷ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದ ಮೇಲ್ಭಾಗದಲ್ಲಿ ಇದನ್ನು ಲೀಟರುಗಟ್ಟಲೆ ಹೊಡೆಯಲು ನಾನಂತೂ ಒಪ್ಪಲಾರೆ. ಬ್ಯಾಕ್ಟೀರಿಯಾಗಳು ಬೆಳ್ಳಿಗೂ ಒಗ್ಗಿಕೊಳ್ಳುತ್ತವೆ ಎಂಬುದೂ ಹಳೆಯ ಸುದ್ದಿ. ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ 1970ರ ದಶಕದಲ್ಲೇ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡಿತ್ತು. ಅದಕ್ಕೆ ಕಾರಣವಾದ ಜೀನುಗಳು 1999ರಲ್ಲಿ ಗೊತ್ತಾದವು. ಬೆಳ್ಳಿಗೆ ಒಪ್ಪುವ ಜಾಗ ಗಾಯದ ಪಟ್ಟಿ, ಕ್ಯಾಥಿಟರ್‌ನ ಮೈ. ಮೇಲ್ಮೈ ಚಿಕ್ಕದು, ಕಾಲ ಗೊತ್ತುಪಡಿಸಿದ್ದು. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ದಶಕಗಳಿಂದ ಆ ಕೆಲಸ ಮಾಡುತ್ತಿದೆ. ಜೈವಿಕ ಕಣ ಮೊದಲು ಅದರ ಜೊತೆ ಪಂದ್ಯಕ್ಕೆ ಇಳಿಯಲಿ.

ಶುಂಠಿಯ ಆಸೆ ಬಿಡದವರಿಗೆ ಹೆಚ್ಚು ಖರ್ಚಿಲ್ಲದ ದಾರಿಯೊಂದಿದೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ಇಲ್ಲೇ ಸಾಗರ ತಾಲೂಕಿನಲ್ಲಿದೆ. ಅಲ್ಲಿ ರೋಗ ಹೊಡೆದ ಗದ್ದೆಯ ಮಣ್ಣನ್ನು ನಾಲ್ಕು ಸಾಲು ಕುಂಡಗಳಿಗೆ ತುಂಬಿ ಆರೋಗ್ಯವಂತ ಬೀಜದ ಶುಂಠಿ ನೆಡಬೇಕು. ಒಂದು ಸಾಲಿಗೆ ತೊಳೆದ ಬೆಳ್ಳಿ ಕಣ, ಒಂದಕ್ಕೆ ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್, ಒಂದಕ್ಕೆ ಬೆಳ್ಳಿಯಿಲ್ಲದ ತಿಳಿ, ನಾಲ್ಕನೆಯದಕ್ಕೆ ಬರೀ ನೀರು. ಮಳೆಗಾಲದ ನಡುವೆ ಕಾಂಡ ಕತ್ತರಿಸಿ ತಿಳಿನೀರಿನ ಲೋಟದಲ್ಲಿ ನಿಲ್ಲಿಸಿದರೆ, ಯಾವ ಸಾಲಿನ ಕಾಂಡದಿಂದ ಹಾಲಿನಂಥ ಎಳೆ ಇಳಿಯುತ್ತದೆ ಎಂದು ಬರಿಗಣ್ಣಿಗೇ ಕಾಣುತ್ತದೆ.